ಅತ್ತೆಗೆ ಏಳರ ಮಗ್ಗಿ ಕಲಿಸಿದ ವರ್ಷ

ಏಳರ ಮಗ್ಗಿ ಎಲ್ಲೇ ಕಿವಿಗೆ ಬಿದ್ದರೂ ನನ್ನ ಹಲ್ಲು ತಾವಾಗಿಯೇ ಬಿಗಿದುಕೊಳ್ಳುತ್ತವೆ. ಹೋದ ವಾರ, ನಾನು ಅತಿಥಿ ಶಿಕ್ಷಕಿಯಾಗಿರುವ ಶಾಲೆಯಲ್ಲಿ, ಐದನೇ ತರಗತಿಯ ಮಕ್ಕಳು ಗೋಡೆ ಬಿರಿಯುವ ಹಾಗೆ ಅದನ್ನು ಒದರುತ್ತಿದ್ದರು. ಪಕ್ಕದ ಕೋಣೆಯಲ್ಲಿ ಹಾಜರಿ ಕೂಗುತ್ತಿದ್ದ ನಾನು ಒಂದೇ ಹೆಸರನ್ನು ಎರಡು ಸಲ ಕೂಗಿದೆ. 'ಏಳಾರ್ಲೆ' ಬಂದಾಗ ಅವರು ತಡವರಿಸುತ್ತಾರೆಂದು ಉಸಿರು ಹಿಡಿದು ಕಾದೆ. ಅವರು ತಡವರಿಸಲಿಲ್ಲ. ತಡವರಿಸುತ್ತಿದ್ದದ್ದು ನನ್ನ ಅತ್ತೆ ಅಮರಮ್ಮ. ಮಸ್ಕಿಯ ನಮ್ಮ ಮನೆಯಲ್ಲಿ ಒಂದು ಇಡೀ ವರ್ಷ, ಅದೇ ಜಾಗದಲ್ಲಿ, ತಪ್ಪದೆ.

ಆ ವರ್ಷ ಆಷಾಢದಲ್ಲಿ ಮಳೆ ಬರಲಿಲ್ಲ, ಬರೀ ಗಾಳಿ. ಒಗೆದು ಹಾಕಿದ ಬಟ್ಟೆಗಳೆಲ್ಲ ಕೆಂಪು ಧೂಳು ಹೊತ್ತು ಒಳಗೆ ಬರುತ್ತಿದ್ದವು. ಲಿಂಗಸುಗೂರಿನಿಂದ ಸೊಸೆಯಾಗಿ ಬಂದು ನನಗೆ ಎರಡು ವರ್ಷವಾಗಿತ್ತು. ಬಿ.ಎಡ್. ಮುಗಿಸಿದ್ದೆ, ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುತ್ತಿದ್ದೆ. ಗಂಡ ಮೌನೇಶ ದಿನಾ ಮುಂಜಾನೆಯ ಬಸ್ಸಿಗೆ ಸಿಂಧನೂರಿನ ಅಕ್ಕಿ ಗಿರಣಿಯೊಂದಕ್ಕೆ ಕೆಲಸಕ್ಕೆ ಹೋಗುತ್ತಿದ್ದ. ಅತ್ತೆ ನಮ್ಮ ಓಣಿಯ ಅಂಗನವಾಡಿಯಲ್ಲಿ ಸಹಾಯಕಿ. ಮಧ್ಯಾಹ್ನ ಅವರು ಬರುವ ತನಕ ಮನೆ ತಣ್ಣಗೆ, ಓದಿಗೆ ಹೇಳಿ ಮಾಡಿಸಿದ ಹಾಗಿರುತ್ತಿತ್ತು.

ಒಂದು ಮಧ್ಯಾಹ್ನ ಅವರು ಬಂದವರೇ ಚಪ್ಪಲಿ ಬಿಡುವ ಮೊದಲೇ ಹೇಳಿದರು: "ಸುಜಾತಾ, ಈ ಸಲ ನಾ ಹತ್ತನೇ ಕ್ಲಾಸಿನ ಪರೀಕ್ಷಾ ಕಟ್ತೀನಿ. ನೀ ಕಲಸ್ಬೇಕು ನೋಡವಾ."

ಅಂಗನವಾಡಿಯ ಟೀಚರು ಜನವರಿಯಲ್ಲಿ ನಿವೃತ್ತರಾಗುವವರಿದ್ದರು. ಜಾಗ ತುಂಬುವಷ್ಟರಲ್ಲಿ ಬೇಸಿಗೆ ಕಳೆಯುತ್ತದೆ, ಅಷ್ಟರೊಳಗೆ ಹತ್ತು ಪಾಸಾದರೆ ಆ ಜಾಗಕ್ಕೆ ನಿನ್ನ ಹೆಸರನ್ನೂ ಕೇಳಬಹುದು ಎಂದು ಅವರು ಅತ್ತೆಗೆ ಹೇಳಿದ್ದರಂತೆ. ಕಟ್ಟೆಯ ಮೇಲೆ ಕೂತಿದ್ದ ಮಾವ ನಕ್ಕು, "ಹತ್ತಾತು ಅಂದ್ರ ಡಿ.ಸಿ. ಆಗಾಕ ಹೊಂಡ್ತಾಳ ನೋಡು" ಎಂದರು. ಅತ್ತೆ ಅವರ ಕಡೆ ತಿರುಗಿಯೂ ನೋಡಲಿಲ್ಲ. ನಾನು ಹೂಂ ಅಂದೆ. ಬಿ.ಎಡ್. ಮಾಡಿದವಳು ಹೂಂ ಅನ್ನದೆ ಇನ್ನೇನು ಹೇಳಲು ಬರುತ್ತದೆ?

ಕನ್ನಡ, ಸಮಾಜ, ವಿಜ್ಞಾನ ಅವರೇ ಓದಿಕೊಂಡರು. ಇಂಗ್ಲಿಷನ್ನು ಬಾಯಿಪಾಠ ಮಾಡಿದರು. ಗಣಿತ ನನ್ನ ಕೊರಳಿಗೆ ಬಿತ್ತು. ಬುಡದಿಂದ ಶುರು ಮಾಡೋಣವೆಂದು ಮಗ್ಗಿ ಕೇಳಿದೆ. ಆರರ ತನಕ ಸರಾಗ. ಏಳಕ್ಕೆ ಬಂದಾಗ ಬಂಡಿ ನಿಂತಿತು.

"ಏಳೆಂಟ್ಲೆ ಎಷ್ಟ್ರಿ ಅತ್ತಿ?"

"ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಕು, ಏಳ್ಮೂರ್ಲೆ ಇಪ್ಪತ್ತೊಂದು..."

"ಮೊದಲಿಂದ ಬ್ಯಾಡ್ರಿ. ಬರೇ ಏಳೆಂಟ್ಲೆ ಹೇಳ್ರಿ."

"ಅಲ್ಲಿಗೇ ಹೊಂಟೀನಿ ತಡಿಬೇ. ಏಳ್ನಾಕ್ಲೆ ಇಪ್ಪತ್ತೆಂಟು, ಏಳೈದ್ಲೆ ಮೂವತ್ತೈದು, ಏಳಾರ್ಲೆ... ಏಳಾರ್ಲೆ ನಲವತ್ತಾರು..."

"ನಲವತ್ತೆರಡ್ರಿ."

"ನಡುವ ಬಾಯಿ ಹಾಕಿದ್ರ ಹಿಂಗ ಆಕ್ಕೈತಿ" ಎಂದು ನನ್ನನ್ನೇ ಬೈದು, ಮತ್ತೆ ಏಳೊಂದ್ಲೆಯಿಂದ ಹೊರಡುತ್ತಿದ್ದರು. ಪಲ್ಯಕ್ಕೆ ಒಗ್ಗರಣೆ ಹಾಕುವಾಗ, ನೀರು ತುಂಬುವಾಗ, ನಾನು ನನ್ನ ಪುಸ್ತಕ ತೆರೆದಾಗ, ಎಲ್ಲ ಹೊತ್ತಿನಲ್ಲೂ ಅದೇ. ರೊಟ್ಟಿ ಬಡಿಯುವ ಸಪ್ಪಳಕ್ಕೆ ಮಗ್ಗಿ ಸೇರಿಸಿಕೊಂಡರು. ಏಳಾರ್ಲೆ ಹತ್ತಿರ ಕೈ ನಿಂತುಬಿಡುತ್ತಿತ್ತು, ಹಂಚಿನ ಮೇಲಿನ ರೊಟ್ಟಿ ಕರಿದಾಗುತ್ತಿತ್ತು. ಮಾವ ಕರಕಲು ರೊಟ್ಟಿ ಮುರಿಯುತ್ತ, "ಇದು ಎಷ್ಟರ ಮಗ್ಗೀದವಾ?" ಎಂದು ನನ್ನನ್ನು ಕೇಳುವರು.

ಅಪವರ್ತ್ಯ ಬಂದ ಮೇಲೆ ನನ್ನ ತಾಳ್ಮೆಯ ಕಡೆಯ ಎಳೆಯೂ ಹರಿಯಿತು. ಒಂದು ಸಂಖ್ಯೆಯನ್ನು ಒಂದು, ಎರಡು, ಮೂರರಿಂದ ಗುಣಿಸುತ್ತ ಹೋದರೆ ಬರುವವು ಅದರ ಅಪವರ್ತ್ಯ. ಆ ಸಂಖ್ಯೆಯನ್ನು ಶೇಷ ಉಳಿಯದ ಹಾಗೆ ಭಾಗಿಸುವವು ಅದರ ಅಪವರ್ತನ. ಈ ಎರಡಕ್ಕೂ ಒಂದೇ ತಾಯಿಯ ಮಕ್ಕಳ ಹಾಗೆ ಹೆಸರಿಟ್ಟ ಪುಣ್ಯಾತ್ಮರು ಯಾರೋ, ನನ್ನ ಕೈಗೆ ಸಿಕ್ಕಿದ್ದರೆ ನಮ್ಮ ಅತ್ತೆಗೆ ಪಾಠ ಹೇಳಲು ಕೂರಿಸುತ್ತಿದ್ದೆ. ಹನ್ನೆರಡರ ಅಪವರ್ತ್ಯ ಬರೆಯಿರಿ ಎಂದರೆ ಒಂದು, ಎರಡು, ಮೂರು, ನಾಲ್ಕು, ಆರು, ಹನ್ನೆರಡು ಎಂದು ಬರೆಯುತ್ತಿದ್ದರು. ಅಪವರ್ತನ ಬರೆಯಿರಿ ಎಂದರೆ ಹನ್ನೆರಡು, ಇಪ್ಪತ್ನಾಲ್ಕು, ಮೂವತ್ತಾರು.

"ಅದಲುಬದಲು ಆಗೈತ್ರಿ!"

"ಲೆಕ್ಕ ಬರಾಬರಿ ಅದಾವಿಲ್ಲೋ? ಬರೇ ಹೆಸರಿಗೆ ಯಾಕ ಒದರ್ತಿ?"

ಜಗಳ ಹತ್ತಿದ್ದು ತೊಂಬತ್ತೊಂದರ ಮೇಲೆ. ಅದು ಏಳರ ಅಪವರ್ತ್ಯ ಹೌದೋ ಅಲ್ಲವೋ ಎಂದು ಕೇಳಿದೆ. ಅಲ್ಲ ಎಂದರು, ಒಂದು ಕ್ಷಣವೂ ಯೋಚಿಸದೆ.

"ಏಳ್ಹತ್ಲೆ ಎಪ್ಪತ್ತು. ಮಗ್ಗಿ ಅಲ್ಲಿಗೆ ಮುಗೀತು. ತೊಂಬತ್ತೊಂದು ಎಲ್ಲಿಂದ ಬರ್ತೈತಿ?"

"ಮಗ್ಗಿ ಮುಗೀತೈತ್ರಿ. ಅಪವರ್ತ್ಯ ಮುಗ್ಯಾಂಗಿಲ್ಲ."

"ಎಲ್ಲಿ ಬರದಾರ, ತೋರಸು."

ಅವರು ಮಗ್ಗಿ ಪುಸ್ತಕ ತಂದು ನನ್ನ ಮುಂದೆ ಹಿಡಿದರು. ಏಳ್ಹತ್ಲೆ ಎಪ್ಪತ್ತರ ಕೆಳಗೆ ದಪ್ಪನೆಯ ಗೆರೆ ಅಚ್ಚಾಗಿತ್ತು. "ನೋಡು, ಗೆರಿ ಹೊಡದು ಮುಗಿಸ್ಯಾರ. ನೀ ಅವ್ರಿಗಿಂತ ಶಾಣ್ಯಾಕೀ ಏನು?"

ನಾನು ಪುಸ್ತಕ ಮುಚ್ಚಿ ಎದ್ದೆ. ಪಂಚಮಿ ಹತ್ತಿರವಿತ್ತು, ಹೆಣ್ಣುಮಕ್ಕಳು ತವರಿಗೆ ಹೋಗುವ ದಿನಗಳು. ನಾನು ಅವಸರ ಮಾಡಿ ಮರುದಿನವೇ ಲಿಂಗಸುಗೂರಿನ ಬಸ್ಸು ಹತ್ತಿದೆ. ಬಸ್ಸು ಮಸ್ಕಿ ದಾಟಿದ ಮೇಲೆ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡಿದೆ. ಎಷ್ಟೋ ದಿನಗಳ ಮೇಲೆ ಯಾರೂ ಮಗ್ಗಿ ಹೇಳದ ಜಾಗದಲ್ಲಿ ಬಂದ ನಿದ್ದೆ.

ತವರಲ್ಲಿ ಅವ್ವ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟುತ್ತಿದ್ದಳು. ಮನೆಯ ಮುಂದಿನ ಬೇವಿನ ಮರಕ್ಕೆ ಜೋಕಾಲಿ ಹಾಕಿದ್ದರು. ಎರಡು ದಿನ ಸುಖವಾಗಿ ಕಳೆದವು. ಮೂರನೆಯ ದಿನ ಬಾಗಿಲ ಮುಂದೆ ಆಟೋ ನಿಂತಿತು, ಒಳಗಿನಿಂದ ಅತ್ತೆ ಇಳಿದರು.

ಅವ್ವನ ಕೈಯಲ್ಲಿನ ಉಂಡಿ ಕೈಯಲ್ಲೇ ಉಳಿಯಿತು. ಪಂಚಮಿಗೆ ಬಂದ ಸೊಸೆಯ ಬೆನ್ನು ಹತ್ತಿ ಅತ್ತೆ ಬರುವುದೆಂದರೇನು? "ಏನ್ ಜಗಳ ಮಾಡ್ಕೊಂಡು ಬಂದೀಯೇ?" ಎಂದು ನನ್ನ ಕಿವಿಯಲ್ಲಿ ಕೇಳಿದಳು. ಅವ್ವ ಕೊಟ್ಟ ನೀರನ್ನೂ ಮುಟ್ಟದೆ ಅತ್ತೆ ನನ್ನ ಮುಂದೆ ನಿಂತರು.

"ತೊಂಬತ್ತೊಂದು ಬರ್ತೈತಿ."

"ಏನ್ರಿ?"

"ಏಳರಾಗ ತೊಂಬತ್ತೊಂದು ಬರ್ತೈತಿ ಬೇ! ಎಪ್ಪತ್ತರ ಮ್ಯಾಲ ಇನ್ನೊಂದು ಏಳು ಇಟ್ಟೆ, ಎಪ್ಪತ್ತೇಳು. ಮತ್ತೊಂದು ಇಟ್ಟೆ, ಎಂಬತ್ನಾಕು. ಮತ್ತೊಂದು ಇಟ್ರ ತೊಂಬತ್ತೊಂದು ಅಲ್ಲೇ ಕುಂತಿತ್ತು. ಬಸ್ನ್ಯಾಗ ಕುಂತು ಹಂಗ ಕೂಡಿಸ್ಕೋತ ಬಂದೀನಿ. ಬಸ್ ಸ್ಟ್ಯಾಂಡ್ ಬಂತು, ಏಳು ಮುಗೀಲಿಲ್ಲ."

ಹೇಳುತ್ತ ಹೇಳುತ್ತ ಅವರ ಮುಖದ ಸಂತೋಷ ಸಿಟ್ಟಾಗಿ ತಿರುಗಿತು. "ಹತ್ತಕ್ಕ ಮುಗೀತೈತಿ ಅಂತ ನನಗ ಹೇಳಿದವರ್ಯಾರು? ಇಷ್ಟು ವರ್ಷ ಎಪ್ಪತ್ತರ ಮುಂದ ಗ್ವಾಡಿ ಐತಿ ಅಂತ ತಿಳ್ಕೊಂಡೀನಿ ನಾ. ಒಬ್ಬರರ ಹೇಳ್ಬೇಕೋ ಬ್ಯಾಡೋ?"

"ನಾ ಹೇಳಿದ್ನಲ್ರಿ!" ಎಂದೆ. ನನ್ನ ಧ್ವನಿ ಓಣಿಗೆ ಕೇಳಿಸಿತು.

"ನೀ ಒದರಿದಿ. ಹೇಳಲಿಲ್ಲ."

ಅವ್ವ ನಿಧಾನಕ್ಕೆ ಕೇಳಿದಳು: "ಇದನ್ನ ಹೇಳಾಕ ಇಷ್ಟು ದೂರ ಬಂದ್ರನ್ರೀ ಬೀಗರ?"

"ಮತ್ಯಾತಕ್ಕ ಬರ್ಲಿ?" ಎಂದು ಅತ್ತೆ ಆಗ ನೀರು ಕುಡಿದರು.

ಪಂಚಮಿಯ ದಿನ ಅವರೂ ಜೋಕಾಲಿ ಏರಿದರು. ಒಂದೊಂದು ಜೀಕಿಗೂ ಏಳು ಸೇರಿಸುತ್ತ ಗಟ್ಟಿಯಾಗಿ ಕೂಗತೊಡಗಿದರು. ಕೆಳಗೆ ನಿಂತ ಓಣಿಯ ಹೆಂಗಸರು ಮೊದಲು ನಕ್ಕರು, ಆಮೇಲೆ ತಾವೂ ಕೂಡಿಸತೊಡಗಿದರು. ನೂರು ದಾಟಿದ ಮೇಲೆ ತಪ್ಪು ಒಪ್ಪುಗಳ ತಕರಾರು ಎದ್ದು, ತೀರ್ಪು ಕೊಡಲು ನನ್ನನ್ನು ಕರೆದರು. ನಾನು ಅಡುಗೆಮನೆಯಲ್ಲಿ ಅಡಗಿ ಕೂತಿದ್ದೆ.

ಅಲ್ಲಿಂದ ಮುಂದೆ ಅವರನ್ನು ಹಿಡಿಯುವವರೇ ಇರಲಿಲ್ಲ. ನಿಂತ ನಿಲುವಿನಲ್ಲಿ ಯಾವುದೇ ಸಂಖ್ಯೆಯ ಅಪವರ್ತ್ಯಗಳನ್ನು ಕೂಡಿಸುತ್ತ ಹೋಗುತ್ತಿದ್ದರು, ಬೇಡ ಎಂದರೂ ನಿಲ್ಲಿಸುತ್ತಿರಲಿಲ್ಲ. ಒಂದು ದಿನ ಅಂಗನವಾಡಿಯ ಟೀಚರೇ ನಮ್ಮ ಮನೆಗೆ ಬಂದರು. "ಹಾಡು ಹೇಳ್ರಪಾ ಅಂದ್ರ ಹುಡುಗ್ರು ಏಳೊಂದ್ಲೆ ಏಳು ಅಂತಾವ. ಇನ್ನೂ ಹತ್ತರ ತನಕ ಎಣಸಾಕ ಬರಲ್ದ ಕೂಸುಗಳವು. ನಿಮ್ಮತ್ತಿಗೆ ನೀವರ ಹೇಳ್ರಿ." ನಾನು ಹೇಳಿದೆ. ಅತ್ತೆ, "ಎಳೇದರಾಗ ಕಿವಿಗೆ ಬಿದ್ರ ನನ್ನಂಗ ಹೈರಾಣ ಆಗಂಗಿಲ್ಲ" ಎಂದರು.

ನಡುವೆ ನನ್ನ ಅರ್ಹತಾ ಪರೀಕ್ಷೆ ಬಂದು ಹೋಯಿತು. ಪಾಸಾದೆ. ಗಣಿತದಲ್ಲಿ ಒಳ್ಳೆಯ ಅಂಕ ಬಂದವು. ಅದಕ್ಕೆ ಕಾರಣ ಯಾರೆಂದು ಅತ್ತೆ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾರೆ.

ನನ್ನ ಚಿಂತೆ ಬೇರೆಯಾಗಿತ್ತು. ಅವರಿಗೆ ಉತ್ತರ ಬರುತ್ತಿತ್ತು, ಆದರೆ ಮೈಲುದ್ದದ ದಾರಿಯಲ್ಲಿ. ಗುಡಿಯ ಒಂದು ಗಂಟೆಯನ್ನು ಆರು ನಿಮಿಷಕ್ಕೊಮ್ಮೆ, ಇನ್ನೊಂದನ್ನು ಎಂಟು ನಿಮಿಷಕ್ಕೊಮ್ಮೆ ಬಾರಿಸಿದರೆ ಎರಡೂ ಒಟ್ಟಿಗೆ ಬಾರಿಸುವುದು ಯಾವಾಗ ಎಂಬ ಲೆಕ್ಕವಿತ್ತು. ಮೊದಲು, "ಹಂಗ ಯಾವ ಗುಡಿಯಾಗ ಬಾರಸ್ತಾರ?" ಎಂದು ಅರ್ಧ ತಾಸು ವಾದ ಮಾಡಿದರು. ಆಮೇಲೆ ಆರರ ಅಪವರ್ತ್ಯ ಒಂದು ಸಾಲು, ಎಂಟರದು ಒಂದು ಸಾಲು ಬರೆದು, ಎರಡರಲ್ಲೂ ಇದ್ದ ಇಪ್ಪತ್ನಾಲ್ಕಕ್ಕೆ ಗೋಲು ಹಾಕಿದರು. ಸಣ್ಣ ಸಂಖ್ಯೆಗಳಿಗೆ ಇದು ಸರಿ, ದೊಡ್ಡವಕ್ಕೆ ಪುಸ್ತಕದ ರೀತಿಯೇ ಬೇಕು, ಪರೀಕ್ಷೆಯಲ್ಲಿ ಸಮಯ ಸಾಲುವುದಿಲ್ಲ ಎಂದೆ. ಸೂತ್ರಗಳನ್ನು ಗೋಡೆಗೆ ಅಂಟಿಸಿದೆ. ಅವರು ಅವುಗಳ ಮುಂದೆಯೇ ಕೂತು ಸಾಲು ಸಾಲು ಬರೆಯುತ್ತಿದ್ದರು.

ಜನವರಿಯಲ್ಲಿ ಟೀಚರು ನಿವೃತ್ತರಾದರು. ಅವರ ಜಾಗಕ್ಕೆ ಬೇರೆ ಊರಿನಿಂದ ಒಬ್ಬರು ವರ್ಗವಾಗಿ ಬಂದರು. ಇನ್ನು ಬಹಳ ವರ್ಷ ಆ ಜಾಗ ಖಾಲಿಯಾಗುವುದಿಲ್ಲ ಎಂದು ಎಲ್ಲರಿಗೂ ತಿಳಿಯಿತು. ಸುಳ್ಳು ಯಾಕೆ ಹೇಳಲಿ, ನನಗೆ ಎದೆಯ ಮೇಲಿನ ಕಲ್ಲು ಇಳಿಸಿದಷ್ಟು ಹಗುರವಾಯಿತು. ಇನ್ನು ಮಗ್ಗಿ ಇಲ್ಲ. ಮರುದಿನ ಮುಂಜಾನೆ ಅಂಗಳದಲ್ಲಿ ಎಳೆ ಜೋಳದ ತೆನೆ ಸುಡುತ್ತ ಕೂತಿದ್ದ ಅತ್ತೆ, ಬಿಸಿ ಕಾಳು ತಿಕ್ಕಿ ನನ್ನ ಕೈಗೆ ಹಾಕಿ, "ಇವತ್ತು ಆ ಏಳೇಳು ಕೂಡಿಸ್ಕೋತ ಹೋಗೂ ಶ್ರೇಢಿ ಲೆಕ್ಕ ಹೇಳಿಕೊಡು" ಎಂದರು.

ನನಗೆ ರೇಗಿತು. "ಯಾತಕ್ಕ್ರಿ ಅತ್ತಿ? ಆ ಜಾಗ ಹೋತಲ್ಲ. ಇನ್ನ ಯಾತಕ್ಕ ಈ ತ್ರಾಸು? ನಿಮಗೂ ತ್ರಾಸು, ನನಗೂ ತ್ರಾಸು."

ಅವರು ಇನ್ನೊಂದು ತೆನೆ ಕೆಂಡಕ್ಕೆ ಹಾಕಿದರು. ಆಮೇಲೆ ಹೇಳಿದರು. ಅವರ ತವರು ದಢೇಸುಗೂರು. ಅಲ್ಲಿಂದ ಸಿಂಧನೂರಿನ ಹೈಸ್ಕೂಲಿಗೆ ಹೋಗಿ ಬರುತ್ತಿದ್ದರು. ಹತ್ತನೆಯ ಪರೀಕ್ಷೆಯಲ್ಲಿ ಗಣಿತವೊಂದು ಹೋಯಿತು. ಉಳಿದದ್ದೆಲ್ಲ ಪಾಸು. ಮತ್ತೆ ಕಟ್ಟುತ್ತೇನೆ ಎಂದರೆ ಅಪ್ಪ ಕೇಳಲಿಲ್ಲ.

"ನಿನಗ ತಲಿ ಇಲ್ಲವಾ, ಸಾಕು ಬಿಡು ಅಂದ. ಆ ಬ್ಯಾಸಗ್ಯಾಗ ಮದುವಿ ಮಾಡಿದ. ಮದುವಿ ಆತು, ಸಂಸಾರ ಆತು, ಅದಕ್ಕೇನೂ ನಂದು ತಕರಾರಿಲ್ಲ. ಆದ್ರ ತಲಿ ಇಲ್ಲ ಅಂದಿದ್ದು ಖರೇನೋ ಸುಳ್ಳೋ ನನಗಿನ್ನೂ ತಿಳಿದಿಲ್ಲ. ಅದೊಂದು ತಿಳ್ಕೋಬೇಕಾಗೈತಿ."

ನಾನು ಪುಸ್ತಕ ತಂದು ಅವರ ಪಕ್ಕದಲ್ಲೇ ಕೂತೆ, ನಿಜ. ಆದರೆ ಅದೇ ಸಂಜೆ ಅವರು ಏಳಾರ್ಲೆ ನಲವತ್ತಾರು ಎಂದಾಗ ಮುಂಜಾನೆಯ ಮಾತೆಲ್ಲ ಮರೆತು ತಲೆ ಚಚ್ಚಿಕೊಂಡೆ.

ಮಾರ್ಚಿನ ಪರೀಕ್ಷೆಗೆ ಲಿಂಗಸುಗೂರು ಕೇಂದ್ರ ಬಂತು. ಗಣಿತದ ದಿನ ಬಿಸಿಲು ನೆತ್ತಿ ಸುಡುತ್ತಿತ್ತು. ಶಾಲೆಯ ಕಾಂಪೌಂಡಿನ ಹೊರಗೆ ತಾಯಂದಿರು ಗುಂಪಾಗಿ ನಿಂತಿದ್ದರು. ಒಬ್ಬಾಕೆ ಕೇಳಿದಳು, "ಒಳಗ ಯಾರದಾರ್ರಿ, ತಂಗೀನೋ ತಮ್ಮನೋ?" "ಅತ್ತಿ" ಎಂದೆ. ಅವಳು ನಾನು ಹಾಸ್ಯ ಮಾಡುತ್ತಿದ್ದೇನೆಂದು ಆ ಕಡೆ ಸರಿದಳು.

ಗಂಟೆ ಹೊಡೆದ ಮೇಲೆ ಅತ್ತೆ ಹುಡುಗರ ನಡುವಿನಿಂದ ಕೈ ಎತ್ತಿಕೊಂಡು ಬಂದರು.

"ನೂರಾ ಇಪ್ಪತ್ತೆಂಟು!"

"ಏನು ನೂರಾ ಇಪ್ಪತ್ತೆಂಟ್ರಿ?"

"ಮೂರಂಕಿ ಸಂಖ್ಯೆದಾಗ ಏಳರಿಂದ ಭಾಗ ಹೋಗೂವು ಎಷ್ಟು ಅಂತ ಕೇಳಿದ್ದ. ಏಳನ ಬಂದಿತ್ತು ನೋಡು!"

ಮನಸ್ಸಿನಲ್ಲೇ ಶ್ರೇಢಿಯ ಸೂತ್ರ ಹಾಕಿ ನೋಡಿದೆ. ಉತ್ತರ ಸರಿ. ಕುಣಿದಾಡುವಷ್ಟು ಸಂತೋಷವಾಯಿತು. "ಸೂತ್ರ ನೆನಪಿತ್ತೇನ್ರಿ?"

"ಇಲ್ಲ ಬಿಡು. ನೂರಾ ಐದರಿಂದ ಹಿಡದು ಒಂಬೈನೂರಾ ತೊಂಬತ್ನಾಕರ ತನಕ ಪೂರಾ ಬರದು ಎಣಿಸಿದ್ನಿ. ಹಾಳಿ ಸಾಲ್ಲಿಲ್ಲ, ಇನ್ನೊಂದು ಇಸ್ಗೊಂಡೆ."

ನಾಲ್ಕು ಸಾಲಿನಲ್ಲಿ ಮುಗಿಯುವ ಲೆಕ್ಕ. "ಉಳಿದ ಪ್ರಶ್ನಿ?" ಎಂದೆ.

"ಉಳಿದದ್ದಕ್ಕ ಟೈಮ್ ಎಲ್ಲಿತ್ತು?"

ನಾನು ಆ ಬಿಸಿಲಿನಲ್ಲಿ, ಆ ರಸ್ತೆಯ ಬದಿಯಲ್ಲಿ, ಹಾಗೇ ಕುಕ್ಕರಿಸಿದೆ. ಅತ್ತೆ ತಮ್ಮ ಬಾಟಲಿಯ ನೀರನ್ನು ನನ್ನ ತಲೆಗೆ ತಟ್ಟಿ, ಬಿಸಿಲು ಬಡಿದಿರಬೇಕೆಂದು ಕಬ್ಬಿನ ಹಾಲು ಕುಡಿಸಿದರು.

ಫಲಿತಾಂಶವನ್ನು ಮೌನೇಶ ಗಿರಣಿಯಿಂದ ಫೋನ್ ಮಾಡಿ ಹೇಳಿದ. ಎಲ್ಲ ಪಾಸು, ಗಣಿತ ಫೇಲು. ಮಾವ ಎದ್ದು ಹೊರಗೆ ಹೋದರು. ಅತ್ತೆ ಅಳಲಿಲ್ಲ. ಅಕ್ಕಿ ಆರಿಸುತ್ತಲೇ ಹೇಳಿದರು: "ಆವಾಗ ಲೆಕ್ಕ ಬರಲ್ದ ಫೇಲಾಗಿದ್ನಿ. ಈ ಸಲ ಟೈಮ್ ಸಾಲದ ಫೇಲಾಗೀನಿ. ಎರಡೂ ಒಂದ ಅಲ್ಲ."

ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಇಡುತ್ತಾರೆ. ಮುಂದಿನದನ್ನು ಕಟ್ಟಿದರು. ಆ ಬೇಸಿಗೆಯಲ್ಲಿ ನಾನು ಅವರ ಮುಂದೆ ಗಡಿಯಾರ ಇಟ್ಟು ಕೂತೆ. ಸಾಲು ಬರೆಯಲು ಶುರು ಮಾಡಿದರೆ ಪೆನ್ನು ಕಸಿದುಕೊಳ್ಳುತ್ತಿದ್ದೆ. ಅವರು ನನ್ನನ್ನು ಏನೇನು ಬೈದರೆಂದು ಇಲ್ಲಿ ಬರೆಯಲಾರೆ. ನಾನೂ ಒಳಗೊಳಗೇ ಬೈದೆ. ಫ್ಯಾನು ಬಿಸಿಗಾಳಿಯನ್ನೇ ತಿರುವುತ್ತಿತ್ತು. ಕೊನೆಗೆ ಮೇ ತಿಂಗಳು ಮುಗಿಯುವ ಹೊತ್ತಿಗೆ, ಒಂದು ದಿನ, ಏಳೆಂಟ್ಲೆ ಎಷ್ಟು ಎಂದರೆ "ಐವತ್ತಾರು" ಎಂದರು. ಮೊದಲಿನಿಂದ ಹೇಳದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹೊಗಳಿದರೆ ಎಲ್ಲಿ ಕೆಟ್ಟುಹೋಗುತ್ತದೋ ಎಂದು ನಾನು ಮುಂದಿನ ಪ್ರಶ್ನೆ ಕೇಳಿದೆ.

ಈ ಸಲದ ಕೇಂದ್ರ ಸಿಂಧನೂರು. ಹಿಂದಿನ ದಿನ ಮೊದಲ ಮಳೆ ಬಿದ್ದು ರಸ್ತೆಯೆಲ್ಲ ರಾಡಿ. ಗಂಟೆ ಹೊಡೆಯಿತು, ಹುಡುಗರು ಬಂದರು, ಗೇಟು ಖಾಲಿಯಾಯಿತು, ಅತ್ತೆ ಮಾತ್ರ ಇಲ್ಲ. ಮತ್ತೆ ಸಾಲು ಬರೆಯುತ್ತ ಕೂತರು ಎಂದು ನನಗೆ ಖಾತ್ರಿಯಾಯಿತು. ಎಲ್ಲರಿಗಿಂತ ಹಿಂದೆ, ಸೆರಗಿನಿಂದ ಕೈಯ ಮಸಿ ಒರೆಸುತ್ತ ಬಂದರು.

"ಸೂತ್ರ ಹಚ್ಚಿದ್ರೋ ಇಲ್ಲೋ?"

"ಹಚ್ಚೀನಿ. ಈ ಸಲ ಒಂಬತ್ತರಿಂದ ಭಾಗ ಹೋಗೂವು ಕೇಳಿದ್ದ."

"ಮತ್ತ ಇಷ್ಟೊತ್ತು ಏನ್ ಮಾಡಿದ್ರಿ?"

"ಎಲ್ಲಾ ಬರದು ಟೈಮ್ ಉಳೀತು. ಸೂತ್ರ ಖರೆ ಹೇಳ್ತೈತೋ ಸುಳ್ಳು ಹೇಳ್ತೈತೋ ಅಂತ ಕಡೀ ಹಾಳ್ಯಾಗ ಪೂರಾ ಬರದು ಎಣಿಸಿ ನೋಡಿದ್ನಿ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಬಂತೇನ್ರಿ?"

"ಬಂತು. ಬರಾಬರಿ ಹೇಳ್ತೈತಿ" ಎಂದರು, ಸೂತ್ರವನ್ನು ನಾನೇ ಮಾಡಿದ್ದೆನೋ ಎಂಬಂತೆ ನನ್ನ ಬೆನ್ನು ತಟ್ಟಿ.

ಪಾಸಾದರು. ಗಣಿತದಲ್ಲಿ ನಲವತ್ತೊಂದು. ಅಂಕಪಟ್ಟಿ ಕೈಗೆ ಬಂದ ಭಾನುವಾರ, ತವರಿಗೆ ಹೋಗಿ ಬರೋಣ ನಡಿ ಎಂದು ನನ್ನನ್ನೂ ಹೊರಡಿಸಿದರು. ದಢೇಸುಗೂರಿನ ಕಾಲುವೆಗೆ ಆಗಲೇ ನೀರು ಬಿಟ್ಟಿದ್ದರು. ಬಸ್ಸಿನಿಂದ ಇಳಿದಾಗ ಭತ್ತದ ಸಸಿಮಡಿಗಳ ಎಳೆ ಹಸಿರು ಕಣ್ಣಿಗೆ ಹೊಡೆಯಿತು, ಹಸಿ ಮಣ್ಣಿನ ವಾಸನೆ. ಅತ್ತೆ ದಾರಿಯುದ್ದಕ್ಕೂ ಅಂಕಪಟ್ಟಿ ಮಡಚದ ಹಾಗೆ ಎರಡೂ ಕೈಯಲ್ಲಿ ಹಿಡಿದು ನಡೆದರು.

ಅವರ ಅಪ್ಪ ಹನುಮಂತಪ್ಪ ಮನೆಯ ಮುಂದೆ ಮಂಚದ ಮೇಲೆ ಕೂತಿದ್ದರು. ವಯಸ್ಸಾಗಿತ್ತು, ಕಿವಿ, ಕಣ್ಣು ಚೆನ್ನಾಗಿದ್ದವು. ಅತ್ತೆ ನಮಸ್ಕಾರವನ್ನೂ ಮಾಡದೆ ಅಂಕಪಟ್ಟಿಯನ್ನು ಅವರ ತೊಡೆಯ ಮೇಲೆ ಇಟ್ಟರು.

"ಏನವಾ ಇದು?"

"ಹತ್ತನೇತ್ತ ಪಾಸಾಗೀನಪಾ. ಗಣಿತಾನೂ."

ಅವರು ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಬೆರಳಿಟ್ಟು ಓದಿದರು. ಬಹಳ ಹೊತ್ತು ಓದಿದರು. ಆಮೇಲೆ ತಲೆಯಾಡಿಸಿ, "ಹಂಗಾರ ಆವಾಗ ಇನ್ನೊಂದೀಟು ಓದಿದ್ರ ಆವಾಗನ ಪಾಸಾಗ್ತಿದ್ದಿ ಅನ್ನು" ಎಂದರು.

ನನ್ನ ಹನ್ನೆರಡು ತಿಂಗಳ ಸಿಟ್ಟೆಲ್ಲ ಒಮ್ಮೆಲೇ ಆ ಮುದುಕನ ಕಡೆ ತಿರುಗಿತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಒದರಿದರು. ನನ್ನ ಮೇಲೆ, ಮಾವನ ಮೇಲೆ, ಯಾರ ಮೇಲೂ ಅವರು ಹಾಗೆ ಒದರಿದ್ದನ್ನು ನಾನು ಕೇಳಿರಲಿಲ್ಲ.

"ಓದಾಕ ನೀ ಎಲ್ಲಿ ಬಿಟ್ಟೆಪಾ? ಒಂದು ಸಲ, ಇನ್ನೊಂದು ಸಲ ಕಟ್ತೀನಿ ಅಂತ ನಿನ್ನ ಕಾಲು ಹಿಡ್ಕೊಂಡಿದ್ನಿಲ್ಲೋ? ಹಿಡ್ಕೊಂಡಿದ್ನೋ ಇಲ್ಲೋ ಹೇಳು!"

ಒಳಗಿನಿಂದ ಅವರ ಅತ್ತಿಗೆ ಓಡಿ ಬಂದು ಬಾಗಿಲಲ್ಲೇ ನಿಂತಳು. ಹನುಮಂತಪ್ಪನವರು ಅಂಕಪಟ್ಟಿಯನ್ನು ಮಡಚಲು ಹೋಗಿ, ಮಡಚಬಾರದೆಂದು ನೆನಪಾಗಿ, ಹಾಗೇ ಹಿಡಿದುಕೊಂಡರು.

"ಹಿಡ್ಕೊಂಡಿದ್ದಿ" ಎಂದರು. "ನಾ ಬಿಡಲಿಲ್ಲ."

ಅಷ್ಟೇ. ಯಾರೂ ಅಳಲಿಲ್ಲ, ಯಾರೂ ಅಪ್ಪಿಕೊಳ್ಳಲಿಲ್ಲ. ಕಾಲುವೆಯ ಕಡೆಯಿಂದ ಯಾರದೋ ಟ್ರ್ಯಾಕ್ಟರ್ ರಾಡಿ ತುಳಿಯುವ ಸಪ್ಪಳ ಕೇಳುತ್ತಿತ್ತು. ಅತ್ತೆ ನಿಂತೇ ಇದ್ದರು. ಮುದುಕರು ಬಾಗಿಲಲ್ಲಿದ್ದ ತಮ್ಮ ಸೊಸೆಯ ಕಡೆ ತಿರುಗಿ, "ಎಡಿ ಮಾಡವಾ, ಉಂಡು ಹೋಗ್ಲಿ" ಎಂದರು.

"ನಾ ಉಣ್ಣಾಂಗಿಲ್ಲ" ಎಂದರು ಅತ್ತೆ.

ಆದರೂ ಒಳಗೆ ಹೋಗಿ ಕೂತರು. ಬಿಸಿ ಅನ್ನ, ಹುಳಿ ಪಲ್ಯ. ಅಪ್ಪ ಎದುರಿಗೆ ಕೂತು, ಹಾಕು, ಇನ್ನಷ್ಟು ಹಾಕು ಎಂದು ಸೊಸೆಗೆ ಹೇಳುತ್ತಿದ್ದರು. ಅತ್ತೆ ತಲೆ ಎತ್ತದೆ ಉಂಡರು. ಎರಡನೆಯ ಸಲ ಅನ್ನ ಬಂದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯಲಿಲ್ಲ.